ಹಳೆಯ ಗಡಿಯಾರದ ಬೆಳಕು

ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಕೈಗಡಿಯಾರಗಳನ್ನು ತಯಾರಿಸತೊಡಗುವ ಮೊದಲು ನಮ್ಮವರು ಕಟ್ಟುತ್ತಿದ್ದುವು ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನವು. ಸಾತನೂರಿನಂಥ ಊರಿನ ಹಳೆಯ ಪೆಟ್ಟಿಗೆಯಲ್ಲಿಯೂ ಅಂಥದೊಂದು ದೊರೆತೀತು. ಇಂದು ಸಂಗ್ರಾಹಕರು ಇವುಗಳಿಗೆ ಒಳ್ಳೆಯ ಬೆಲೆ ಕೊಡುವರು. ಅದರಿಂದಲೇ ಹೊಸ ಬಣ್ಣ ಬಳಿದು ಹಳೆಯದೆಂದು ಮಾರುವವರೂ ಉಂಟು. ಅಸಲನ್ನು ಅರಿಯುವ ಬಗೆ ಹೇಗೆ?

ಕತ್ತಲೆಯಲ್ಲಿ ಅದರ ಮುಳ್ಳುಗಳನ್ನು ನೋಡಿರಿ. ಆ ಕಾಲದ ಬೆಳಗುವ ಬಣ್ಣದಲ್ಲಿ ರೇಡಿಯಮ್ಮನ್ನೂ ಸತುವಿನ ಸಲ್ಫೈಡನ್ನೂ ಬೆರೆಸುತ್ತಿದ್ದರು. ರೇಡಿಯಂ ಸೂಸುವ ಆಲ್ಫಾ ಕಣಗಳು ಸಲ್ಫೈಡಿನ ಹರಳುಗಳಿಗೆ ತಾಕಿದಾಗ ಬೆಳಕು ಹೊಮ್ಮುತ್ತದೆ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷಗಳು ಬೇಕು. ಆದರೆ ಅದೇ ಕಣಗಳ ಹೊಡೆತಕ್ಕೆ ಹರಳುಗಳು ಕೆಲವೇ ದಶಕಗಳಲ್ಲಿ ಕೆಡುತ್ತವೆ. ಆದುದರಿಂದ 1940ರ ಗಡಿಯಾರವು ಇಂದೂ ಇರುಳೆಲ್ಲ ಉಜ್ಜ್ವಲವಾಗಿ ಬೆಳಗಿದರೆ, ಆ ಬಣ್ಣ ಈಚಿನದೆಂದೇ ತಿಳಿಯಬೇಕು. ಬೆಳಗದಿದ್ದರೂ ಗೈಗರ್ ಗಣಕವು ಅದರ ಬಳಿ ಬಿಡದೆ ಟಿಕ್ಕೆಂದರೆ, ರೇಡಿಯಂ ಇನ್ನೂ ಅಲ್ಲಿದೆಯೆಂದರ್ಥ. ಇಷ್ಟರಿಂದಲೇ ಗಡಿಯಾರವೆಲ್ಲ ಅಸಲೆನ್ನಲಾಗದು. ಒಳಗಿನ ಯಂತ್ರವನ್ನೂ ಅದರ ಗುರುತುಗಳನ್ನೂ ಬಲ್ಲವರು ಪರೀಕ್ಷಿಸಬೇಕು.

ಕುತೂಹಲದಿಂದ ನೀವೇ ಅದನ್ನು ಬಿಚ್ಚಬೇಡಿರಿ. ಉದುರಿದ ಪುಡಿ ದೇಹವನ್ನು ಸೇರಿದರೆ, ರೇಡಿಯಂ ಸುಣ್ಣಾಂಶದಂತೆ ಎಲುಬಿನಲ್ಲಿ ನೆಲಸುತ್ತದೆ. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿ ಈ ಬಣ್ಣ ಬರೆದ ಅನೇಕ ಯುವತಿಯರು ಅದರಿಂದಲೇ ಪ್ರಾಣ ತೆತ್ತರು.