ಗೆರೆ ಹೋಗುತ್ತೆ, ಕಪ್ಪು ಯಾಕೆ ಹೋಗಲ್ಲ?

ಬೀರುವಿನಲ್ಲಿಟ್ಟ ಅಮ್ಮನ ಕೊಳ್ಳೇಗಾಲದ ರೇಷ್ಮೆ ಸೀರೆ ಹೊರಗೆ ತೆಗೆದಿದ್ದೀರಿ. ಮಡಿಕೆಯ ಗೆರೆ ಬಿದ್ದಿದೆ, ಜರಿ ಅಲ್ಲಲ್ಲಿ ಕಪ್ಪಾಗಿದೆ. ಹದವಾಗಿ ಇಸ್ತ್ರಿ ಮಾಡಿದ್ರೆ ಗೆರೆ ಹೋಗುತ್ತೆ. ಕಪ್ಪು ಮಾತ್ರ ಎಷ್ಟು ಉಜ್ಜಿದರೂ ಹೋಗಲ್ಲ. ಯಾಕೆಂದರೆ ಗೆರೆ ಭೌತ ಬದಲಾವಣೆ, ಕಪ್ಪು ರಾಸಾಯನಿಕ ಬದಲಾವಣೆ.

ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ‘ಮೊದಲಿನಂತಾದರೆ ಭೌತ, ಆಗದಿದ್ದರೆ ರಾಸಾಯನಿಕ.’ ಈ ಸೂತ್ರ ಅರ್ಧ ಮಾತ್ರ ಸರಿ. ಸೀರೆ ಹರಿದರೆ ಮತ್ತೆ ಮೊದಲಿನಂತಾಗಲ್ಲ, ಆದರೂ ಅದು ಭೌತ ಬದಲಾವಣೆಯೇ. ಹರಿದ ಚೂರೂ ರೇಷ್ಮೆಯೇ ತಾನೆ? ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತಾ?

ಕೊಳ್ಳೇಗಾಲದ ಜರಿ

ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಅದನ್ನು ರೇಷ್ಮೆಯಾಗಿಸುತ್ತೆ. ಸೊಪ್ಪು ಹೋಗಿ ನೂಲು ಬಂತು, ಅಂದರೆ ರಾಸಾಯನಿಕ. ಆ ನೂಲನ್ನು ನೇಯುವುದು, ಮಡಿಸುವುದು ಭೌತ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತೆ. ಗಾಳಿಯಲ್ಲಿರುವ ಗಂಧಕದ ಅಂಶ ಸೇರಿದಾಗ ಅದು ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತೆ. ಹಾಗಾಗಿ ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಜರಿಯ ಮೇಲೆ ಸೆಂಟ್ ಹೊಡೆಯಬೇಡಿ. ಬ್ಲೀಚ್ ಅಂತೂ ಬೇಡವೇ ಬೇಡ. ಅದು ರೇಷ್ಮೆಯ ಪ್ರೋಟೀನನ್ನೇ ತಿಂದುಹಾಕುತ್ತೆ.

ಹನೂರಿನ ಅರಿಶಿನ

ಹನೂರು ಕಡೆಯ ಹೊಲದ ಅರಿಶಿನವನ್ನು ಒಣಗಿಸಿ ಪುಡಿ ಮಾಡಿದ್ರೂ ಅದು ಅರಿಶಿನವೇ. ಅದಕ್ಕೆ ಸುಣ್ಣದ ನೀರು ಸೇರಿಸಿ ನೋಡಿ, ಆರತಿ ತಟ್ಟೆಯ ಕೆಂಪು ಓಕುಳಿ ಸಿದ್ಧ! ಅದೇ ನೀರಿಗೆ ಸಾಕಷ್ಟು ನಿಂಬೆರಸ ಹಿಂಡಿದ್ರೆ ಹಳದಿ ವಾಪಸ್ ಬರುತ್ತೆ. ಇದು ಹಿಂದಕ್ಕೆ ತಿರುಗುವ ರಾಸಾಯನಿಕ ಬದಲಾವಣೆ. ಸಾರಿನ ಕಲೆಗೆ ಸೋಪು ತಗುಲಿದ ಕೂಡಲೇ ಕೆಂಪಾದರೆ ಗಾಬರಿ ಬೇಡ, ಅಲ್ಲೂ ನಡೆಯೋದು ಇದೇ. ಹತ್ತಿಬಟ್ಟೆಯಾದರೆ ಒಗೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣವನ್ನು ಬಿಸಿಲೇ ಒಡೆಯುತ್ತೆ. ರೇಷ್ಮೆಯನ್ನು ಮಾತ್ರ ನೆರಳಲ್ಲೇ ಒಣಗಿಸಿ.

ಯಳಂದೂರಿನ ಜೇನು

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆಮಾರುಗಳಿಂದ ಕಾಡುಜೇನು ಇಳಿಸುತ್ತಾ ಬಂದಿದ್ದಾರೆ. ಅಂಥ ಜೇನು ತಂದಿಟ್ಟ ಮೇಲೆ ಬಾಟಲಿ ತಳದಲ್ಲಿ ಹರಳು ಕಟ್ಟಿದ್ರೆ ‘ಸಕ್ಕರೆ ಬೆರೆಸಿದ್ದಾರೆ’ ಅಂತ ಮಾರಿದವರನ್ನು ಬೈಯೋರು ಉಂಟು. ಹರಳು ಕಟ್ಟಿತು ಅಂದ ಮಾತ್ರಕ್ಕೆ ಕಲಬೆರಕೆ ಅಲ್ಲ. ಜೇನಿನಲ್ಲೇ ಇರುವ ಗ್ಲೂಕೋಸ್ ಹರಳಾಗುವುದು ಭೌತ ಬದಲಾವಣೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಮತ್ತೆ ಕರಗುತ್ತೆ. ಒಲೆ ಮೇಲಿಟ್ಟು ಕುದಿಸಿದ್ರೆ ಮಾತ್ರ ಬಣ್ಣ, ಘಮ ಎರಡೂ ಕೆಡುತ್ತವೆ, ಅದು ರಾಸಾಯನಿಕ.

ಕಡೆಗೊಂದು ಎಚ್ಚರಿಕೆ

ಬಚ್ಚಲು ತೊಳೆಯುವಾಗ ಆಸಿಡ್ ಮತ್ತು ಬ್ಲೀಚ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ‘ಎರಡೂ ಸೇರಿದ್ರೆ ಚೆನ್ನಾಗಿ ಬೆಳ್ಳಗಾಗುತ್ತೆ’ ಅನ್ನೋದು ಬರೀ ಭ್ರಮೆ. ಅಲ್ಲಿ ಹುಟ್ಟುವ ಹೊಸ ವಸ್ತು ಕ್ಲೋರಿನ್ ಅನಿಲ, ಉಸಿರಿಗೇ ಕುತ್ತು. ಅಪ್ಪಿತಪ್ಪಿ ಬೆರೆತು ಘಾಟು ಬಂದ್ರೆ ತಕ್ಷಣ ಹೊರಗೆ ಬನ್ನಿ. ಕೆಮ್ಮು, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಿ.