ಬಿಲ್ಲು ಒಂದು, ಬಾಬ್ತು ಹಲವು

“ಅಡುಗೆಮನೆಗೆ ಇಷ್ಟೊಂದು ಖರ್ಚೇ?” ತಿಂಗಳ ಕೊನೆಯಲ್ಲಿ ಹೆಚ್ಚಿನ ಮನೆಗಳಲ್ಲಿ ಕೇಳಿ ಬರುವ ಮಾತಿದು. ಹಿಂದೆ ಈ ಪ್ರಶ್ನೆಗೆ ಅಂದಾಜೇ ಆಧಾರವಾಗಿತ್ತು. ಈಗ ಗಂಡ ಮೊಬೈಲ್ ತೋರಿಸುತ್ತಾನೆ. ಖರ್ಚಿನ ಲೆಕ್ಕದ ಆ್ಯಪಿನಲ್ಲಿ ಬಣ್ಣದ ವೃತ್ತವೊಂದಿರುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗದ ಮೇಲೆ ‘ದಿನಸಿ’ ಎಂದು ಬರೆದಿರುತ್ತದೆ. ಚಿತ್ರ ಸಮೇತ ಬಂದ ಆರೋಪಕ್ಕೆ ಉತ್ತರಿಸಲು ಯಾರಿಗೆ ತಾನೇ ಸಾಧ್ಯ? ಹೆಂಡತಿ ಸುಮ್ಮನಾಗುತ್ತಾಳೆ. ಮರುತಿಂಗಳು ಮೀನಿಗೋ ಹಣ್ಣಿಗೋ ಕತ್ತರಿ ಬೀಳುತ್ತದೆ.

ಆದರೆ ಆ ವೃತ್ತ ಹೇಳುತ್ತಿರುವುದು ನಿಜವೇ?

ನಿಮ್ಮ ಮನೆಯ ಕಳೆದ ತಿಂಗಳ ಸೂಪರ್ ಮಾರ್ಕೆಟ್ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಉದಾಹರಣೆಗೆ ಅದು 4,260 ರೂಪಾಯಿಯ ಬಿಲ್ಲು ಎಂದಿಟ್ಟುಕೊಳ್ಳೋಣ. ಸಾಲು ಸಾಲಾಗಿ ಓದಿದರೆ ಅಕ್ಕಿ, ಬೇಳೆ, ಎಣ್ಣೆ, ಚಹಾಪುಡಿಗೆ 2,180 ರೂಪಾಯಿ. ಬಟ್ಟೆ ಸಾಬೂನು, ಫಿನಾಯಿಲ್, ಶೇವಿಂಗ್ ಕ್ರೀಮಿಗೆ 560. ಮಕ್ಕಳ ನೋಟ್ ಪುಸ್ತಕ, ಕಂಪಾಸ್ ಪೆಟ್ಟಿಗೆಗೆ 340. ನಾದಿನಿಯ ಗೃಹಪ್ರವೇಶಕ್ಕೆ ಕೊಂಡ ಉಡುಗೊರೆಗೆ 620. ಪಕ್ಕದ ಮನೆಯವರು ತರಲು ಹೇಳಿದ್ದ ಸಾಮಾನಿಗೆ 560. ಅದರ ಹಣ ಅವರು ನಾಳೆಯೋ ನಾಡಿದ್ದೋ ಕೊಡುವವರು. ಅಂದರೆ ಅಡುಗೆಮನೆಗೆ ಹೋದದ್ದು ಸುಮಾರು ಅರ್ಧ ಮಾತ್ರ. ಉಳಿದ 2,080 ರೂಪಾಯಿಯ ಅಪವಾದವನ್ನು ಅಡುಗೆಮನೆ ಸುಮ್ಮನೆ ಹೊತ್ತುಕೊಂಡಿದೆ!

ಇದು ಆ್ಯಪಿನ ತಪ್ಪಲ್ಲ. ಯುಪಿಐ ಮೂಲಕವೋ ಕಾರ್ಡಿನ ಮೂಲಕವೋ ಹಣ ಪಾವತಿಸಿದಾಗ ಬ್ಯಾಂಕಿನಿಂದ ಬರುವ ಸಂದೇಶದಲ್ಲಿ ಒಟ್ಟು ಮೊತ್ತ ಮತ್ತು ಅಂಗಡಿಯ ಹೆಸರು ಮಾತ್ರ ಇರುತ್ತದೆ. ಚೀಲದೊಳಗೆ ಏನಿದೆ ಎಂದು ಬ್ಯಾಂಕಿಗೆ ಗೊತ್ತಿಲ್ಲ. ಆ ಸಂದೇಶವನ್ನು ಓದುವ ಆ್ಯಪ್, ಅಂಗಡಿಯ ಹೆಸರು ನೋಡಿ ಇಡೀ ಮೊತ್ತವನ್ನು ದಿನಸಿಯ ಬಾಬ್ತಿಗೆ ಸೇರಿಸಿಬಿಡುತ್ತದೆ. ಎಲ್ಲವೂ ಒಂದೇ ಸೂರಿನಡಿ ಸಿಗುವ ಈ ಕಾಲದಲ್ಲಿ ಅಂಗಡಿಯ ಹೆಸರಿನಿಂದ ಖರ್ಚಿನ ಸ್ವರೂಪವನ್ನು ತಿಳಿಯುವುದು ಸಾಧ್ಯವಿಲ್ಲ.

ಪರಿಹಾರ ಹೊಸದೇನೂ ಅಲ್ಲ. ನಮ್ಮ ಹಳೆಯ ವ್ಯಾಪಾರಿಗಳು ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅಲ್ಲಿಂದ ಆಯಾ ಖಾತೆಗೆ ಏರಿಸುತ್ತಿದ್ದರು. ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲೇ ಗೃಹಿಣಿಯರಿಗಾಗಿ ‘ಕಕೇಬೊ’ ಎಂಬ ಮನೆ ಲೆಕ್ಕದ ಪುಸ್ತಕವನ್ನು ಹೊರತಂದಿದ್ದರು. ಇಂದಿನ ಆ್ಯಪುಗಳಲ್ಲಿ ಈ ಕೆಲಸಕ್ಕೆ ‘ಸ್ಪ್ಲಿಟ್’ ಎಂಬ ಸೌಲಭ್ಯವಿದೆ. ಹಣ ಕೊಟ್ಟು ಬಳಸಬೇಕಾದ ವೈನ್ಯಾಬ್‌ನಲ್ಲೂ ಇದೆ, ಉಚಿತವಾಗಿ ಸಿಗುವ ಕಂಪ್ಯೂಟರ್ ತಂತ್ರಾಂಶ ಗ್ನೂಕ್ಯಾಶ್‌ನಲ್ಲೂ ಇದೆ. ಒಟ್ಟು ಮೊತ್ತವನ್ನು ಒಮ್ಮೆ ಬರೆದು, ಅದರ ಕೆಳಗೆ ಒಂದೊಂದು ಬಾಬ್ತಿಗೂ ಎಷ್ಟೆಷ್ಟು ಎಂದು ನಮೂದಿಸಬೇಕು. ಇನ್ನೆಷ್ಟು ಹಂಚಲು ಬಾಕಿ ಇದೆ ಎಂದು ವೈನ್ಯಾಬ್ ತೋರಿಸುತ್ತಾ ಹೋಗುತ್ತದೆ. ಬಾಕಿ ಸೊನ್ನೆಯಾದರೆ ಲೆಕ್ಕ ಸರಿಯಾಯಿತು. ಗ್ನೂಕ್ಯಾಶ್‌ನಲ್ಲಿ ಹೊಂದಾಣಿಕೆಯಾಗದೆ ಉಳಿದ ಹಣ ‘ಇಂಬ್ಯಾಲೆನ್ಸ್’ ಎಂಬ ಪ್ರತ್ಯೇಕ ಖಾತೆಗೆ ಹೋಗಿ ಕೂರುತ್ತದೆ, ನೀವು ವಿಚಾರಿಸುವ ತನಕ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವರು ಸ್ಪ್ಲಿಟ್ ಮಾಡುವ ಬದಲು ಅದೇ ಬಿಲ್ಲನ್ನು ಐದು ಬೇರೆ ಬೇರೆ ಖರ್ಚುಗಳೆಂದು ಬರೆಯುತ್ತಾರೆ. ಬ್ಯಾಂಕಿನ ಸಂದೇಶದಿಂದ ಬಂದ 4,260 ಮೊದಲೇ ಆ್ಯಪಿನಲ್ಲಿದ್ದರೆ ಖರ್ಚು ಎರಡು ಪಟ್ಟಾಗುತ್ತದೆ. ಇಲ್ಲದಿದ್ದರೂ ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡುವಾಗ ಅಲ್ಲಿ ಒಂದು ಸಾಲು, ಇಲ್ಲಿ ಐದು ಸಾಲು ಎಂದು ತಲೆ ಕೆಡುತ್ತದೆ. ನಿಮ್ಮ ಆ್ಯಪಿನಲ್ಲಿ ಸ್ಪ್ಲಿಟ್ ಇಲ್ಲವೆಂದಾದರೆ ಬಂದಿರುವ ನಮೂದನ್ನು 2,180ಕ್ಕೆ ತಿದ್ದಿ, ಉಳಿದ ಭಾಗಗಳನ್ನು ಅದೇ ದಿನಾಂಕದಲ್ಲಿ ಬರೆದು, ಎಲ್ಲದರ ಟಿಪ್ಪಣಿಯಲ್ಲೂ ಬಿಲ್ಲಿನ ನಂಬರ್ ಹಾಕಿ.

ಇನ್ನು ಪಕ್ಕದ ಮನೆಯವರ 560 ರೂಪಾಯಿಯ ವಿಷಯ. ಇದು ಖರ್ಚೇ ಅಲ್ಲ, ಬರಬೇಕಾದ ಹಣ. ಅದಕ್ಕೆ ‘ಬರಬೇಕಾದದ್ದು’ ಎಂಬ ಪ್ರತ್ಯೇಕ ಬಾಬ್ತು ಮಾಡಿ, ಹೆಸರು ಬರೆದಿಡಿ. ಅವರು ಹಣ ಕೊಟ್ಟಾಗ ಅದನ್ನು ಆದಾಯವೆಂದು ಬರೆಯಬಾರದು, ಅದೇ ಬಾಬ್ತಿಗೆ ಜಮಾ ಮಾಡಬೇಕು. ಆಗ ಅದು ಸೊನ್ನೆಗೆ ಬರುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಬರೆಯಬೇಕೇ ಎಂದು ಸಂಕೋಚಪಡುವವರಿದ್ದಾರೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ (2:282) ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದರಲ್ಲೇ ಹೇಳಲಾಗಿದೆ. ಬರೆದಿಟ್ಟರೆ ಕೇಳಲೇಬೇಕೆಂದೇನೂ ಇಲ್ಲ. ಬಿಟ್ಟುಕೊಡುವುದಿದ್ದರೂ ಎಷ್ಟು ಬಿಟ್ಟುಕೊಟ್ಟಿರಿ ಎಂದು ತಿಳಿದಿರುತ್ತದೆ.

ರಮಝಾನಿನಲ್ಲಿ ಈ ಸಮಸ್ಯೆ ಇನ್ನಷ್ಟು ದೊಡ್ಡದು. ಬಡ ಕುಟುಂಬಗಳಿಗೆ ಕೊಡಲು ಅಕ್ಕಿ, ಎಣ್ಣೆ, ಖರ್ಜೂರವನ್ನು ಮನೆಯ ಸಾಮಾನಿನ ಜೊತೆಗೇ ಖರೀದಿಸುತ್ತೇವೆ. ಎಲ್ಲವೂ ದಿನಸಿಯ ಬಾಬ್ತಿಗೆ ಹೋದರೆ ಉಪವಾಸದ ತಿಂಗಳಲ್ಲೇ ಮನೆಯವರು ಹೆಚ್ಚು ತಿಂದರೆಂದು ಆ್ಯಪ್ ವರದಿ ಮಾಡುತ್ತದೆ! (ಕೆಲವು ಮನೆಗಳಲ್ಲಿ ಅದೂ ನಿಜವಿರಬಹುದು, ಅದು ಬೇರೆ ಲೇಖನದ ವಿಷಯ.) ದಾನಕ್ಕೆಂದು ಕೊಂಡದ್ದನ್ನು ದಾನದ ಬಾಬ್ತಿಗೇ ಹಾಕಿ.

ರಿಯಾಯಿತಿಯನ್ನು ಹಂಚುವುದು ಹೇಗೆಂಬುದು ಹಲವರ ಸಂದೇಹ. ಆನ್‌ಲೈನಿನಲ್ಲಿ ಅತ್ತೆಯವರ ಔಷಧಿ 800, ಮಗುವಿನ ಸಾಬೂನು ಇತ್ಯಾದಿ 400, ಒಟ್ಟು 1,200 ರೂಪಾಯಿಯ ಸಾಮಾನು ತರಿಸಿದಿರಿ. ರಿಯಾಯಿತಿ 150, ತಲುಪಿಸಿದ್ದಕ್ಕೆ ಶುಲ್ಕ 30. ನೀವು ಕೊಟ್ಟದ್ದು 1,080. ಔಷಧಿ ಮೂರರಲ್ಲಿ ಎರಡು ಪಾಲು, ಆದ್ದರಿಂದ ಅದಕ್ಕೆ 720 ರೂಪಾಯಿ. ಉಳಿದ 360 ಮಗುವಿನ ಬಾಬ್ತಿಗೆ. ಫರಾಯಿಝ್ ಲೆಕ್ಕ ಕಲಿತವರಿಗೆ ಇದು ಪರಿಚಿತವೇ. ವಾರೀಸುದಾರರ ಪಾಲುಗಳ ಮೊತ್ತ ಆಸ್ತಿಯನ್ನು ಮೀರಿದಾಗ ‘ಔಲ್’ ಎಂಬ ಕ್ರಮದಲ್ಲಿ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಲಾಗುತ್ತದೆ. ರಿಯಾಯಿತಿ ಒಂದೇ ವಸ್ತುವಿನ ಮೇಲಿದ್ದರೆ ಮಾತ್ರ ಅದನ್ನು ಆ ವಸ್ತುವಿನಲ್ಲೇ ಕಳೆಯಬೇಕು. ಸೂಪರ್ ಮಾರ್ಕೆಟ್ ಬಿಲ್ಲಿನ ಕೊನೆಯಲ್ಲಿರುವ ಜಿಎಸ್‌ಟಿ ಪಟ್ಟಿಯನ್ನು ಕಂಡು ಗಾಬರಿಯಾಗಬೇಡಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಮತ್ತೆ ಕೂಡಿಸಬೇಕಾಗಿಲ್ಲ.

ಹಾಗೆಂದು ಬೆಂಕಿಪೊಟ್ಟಣವನ್ನೂ ಬೇರೆ ಮಾಡಿ ಬರೆಯಲು ಹೊರಟರೆ ಹದಿನೈದು ದಿನಗಳಲ್ಲಿ ಬೇಸತ್ತು ಆ್ಯಪನ್ನೇ ಅಳಿಸಿಬಿಡುತ್ತೀರಿ. ನನ್ನ ಅಭಿಪ್ರಾಯದಲ್ಲಿ ನೂರು ರೂಪಾಯಿಗಿಂತ ಕಡಿಮೆಯದ್ದು ದೊಡ್ಡ ಬಾಬ್ತಿನಲ್ಲೇ ಇರಲಿ. ಆದರೆ ಸಾಲ ಮತ್ತು ದಾನಕ್ಕೆ ಈ ರಿಯಾಯಿತಿ ಬೇಡ. ಬಾಬ್ತುಗಳೂ ಎಂಟು ಹತ್ತನ್ನು ಮೀರದಿರಲಿ. ಅವು ಯಾವುವೆಂದು ಗಂಡ ಹೆಂಡತಿ ಒಟ್ಟಿಗೆ ಕುಳಿತು ನಿರ್ಧರಿಸಬೇಕು. ಶೇವಿಂಗ್ ಕ್ರೀಮ್ ಯಾವ ಬಾಬ್ತಿಗೆ ಸೇರಬೇಕು ಎಂಬ ಚರ್ಚೆ ಅಲ್ಲೇ ಮುಗಿದುಹೋಗಲಿ.

ವಸ್ತು ವಾಪಸು ಮಾಡಿದರೆ ಬಂದ ಹಣವನ್ನು ಅದು ಹೋಗಿದ್ದ ಬಾಬ್ತಿಗೇ ಜಮಾ ಮಾಡಿ. ಅಮೇರಿಕದಲ್ಲಿ ಬಹಳ ಜನಪ್ರಿಯವಾಗಿದ್ದ ಮಿಂಟ್ ಎಂಬ ಆ್ಯಪ್ 2024ರಲ್ಲಿ ಮುಚ್ಚಿಹೋಯಿತು. ಆದ್ದರಿಂದ ಆರು ತಿಂಗಳಿಗೊಮ್ಮೆ ಲೆಕ್ಕವನ್ನು ಆ್ಯಪಿನಿಂದ ಹೊರತೆಗೆದು ಬೇರೆಡೆ ಉಳಿಸಿಕೊಳ್ಳಿ. ಬಿಲ್ಲನ್ನು ವಿಂಗಡಿಸುವ ಕೆಲಸವನ್ನು ತಿಂಗಳ ಕೊನೆಗೆ ಮುಂದೂಡಬೇಡಿ, ಸಾಮಾನನ್ನು ಡಬ್ಬಿಗೆ ತುಂಬಿಸುವಾಗಲೇ ಮುಗಿಸಿ. ಅದೂ ಆಗದಿದ್ದರೆ ಬಿಲ್ಲಿನ ಫೋಟೊ ತೆಗೆದಿಡಿ. ಈಗಿನ ಬಿಲ್ಲುಗಳನ್ನು ಶಾಖದಿಂದ ಅಚ್ಚಾಗುವ ಕಾಗದದಲ್ಲಿ ಮುದ್ರಿಸುವುದರಿಂದ ಕೆಲವೇ ತಿಂಗಳಲ್ಲಿ ಅಕ್ಷರಗಳು ಮಾಸಿ ಹೋಗುತ್ತವೆ. ಒಲೆಯ ಪಕ್ಕದಲ್ಲಿಟ್ಟರೆ ಕಾಗದವೇ ಕಪ್ಪಾಗುತ್ತದೆ.