ಲಿಥಿಯಂ ಗುಳಿಗೆ, ರಕ್ತದ ಲೆಕ್ಕ

ಬೈಪೋಲಾರ್ ಕಾಯಿಲೆಗೆ ಲಿಥಿಯಂ ಔಷಧವಾದ ಕಥೆಯಲ್ಲಿ ಆರಂಭದಿಂದಲೂ ಸಾವಿನ ನೆರಳಿದೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್, ಉನ್ಮಾದದಲ್ಲಿದ್ದ 10 ರೋಗಿಗಳು ಲಿಥಿಯಂನಿಂದ ಶಾಂತರಾದುದನ್ನು ವರದಿ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಬಳಸಿದ ಹೃದ್ರೋಗಿಗಳು ಸತ್ತರು. ಕೇಡ್ ಅವರ ಮೊದಲ ರೋಗಿಯೂ ಮರುವರ್ಷ ಲಿಥಿಯಂ ವಿಷವೇರಿ ತೀರಿಕೊಂಡ. ಮೂಲೆ ಸೇರಬೇಕಿದ್ದ ಈ ಔಷಧವನ್ನು ಉಳಿಸಿದ್ದು, ರಕ್ತದಲ್ಲಿ ಅದೆಷ್ಟಿದೆಯೆಂದು ಜ್ವಾಲೆಯ ಬೆಳಕಿನಿಂದ ಅಳೆಯುವ ಫ್ಲೇಮ್ ಫೋಟೋಮೀಟರ್. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಲ್ಲಿ ಲಿಥಿಯಂನ ಗುಣವನ್ನು ಪ್ರಯೋಗದಿಂದ ತೋರಿಸಿದರು. ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1970ರಲ್ಲಿ. ಹಾಗಾಗಿ ರಕ್ತಪರೀಕ್ಷೆಯನ್ನು ಈ ಚಿಕಿತ್ಸೆಯ ಅರ್ಧಭಾಗವೆಂದೇ ನಾನು ಎಣಿಸುತ್ತೇನೆ.

ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂಥ ಎರಿಭೂಮಿಯ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಲಿಥಿಯಂ ಸೋಡಿಯಂನ ಕುಲದ್ದೇ. ಮೂತ್ರಪಿಂಡ ಅದನ್ನು ಉಪ್ಪಿನ ಹಾಗೆಯೇ ನಡೆಸಿಕೊಳ್ಳುತ್ತದೆ. ಬಿಸಿಲಲ್ಲಿ ಕಡಲೆ, ಜೋಳದ ರಾಶಿ ಮಾಡುತ್ತ ಬೆವರು ಸುರಿದರೆ, ವಾಂತಿ-ಭೇದಿಯಾದರೆ, ಬಿಪಿಯೆಂದು ಏಕಾಏಕಿ ಉಪ್ಪು ಬಿಟ್ಟರೆ, ಮೂತ್ರಪಿಂಡ ಸೋಡಿಯಂ ಹಿಡಿದಿಡಲು ಹೋಗಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ನುಂಗಿದ ಗುಳಿಗೆ ಅಷ್ಟೇ, ರಕ್ತದಲ್ಲಿನ ಪ್ರಮಾಣ ಮಾತ್ರ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಇದನ್ನೇ ಮಾಡಬಲ್ಲವು. ಸಾಮಾನ್ಯವಾಗಿ ಲೀಟರ್ ರಕ್ತದ್ರವದಲ್ಲಿ 0.6ರಿಂದ 1.0 ಮಿಲಿಮೋಲ್ ಇದ್ದರೆ ಸರಿ, 1.5 ದಾಟಿತೆಂದರೆ ಅಪಾಯ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಅದರ ಸೂಚನೆ. ಕುಡಿದವನೆಂದು ಊರು ತಿಳಿದುಬಿಟ್ಟರೆ ಅಮೂಲ್ಯ ಹೊತ್ತು ಹೋಯಿತು.

ಇಷ್ಟೆಲ್ಲ ಅಪಾಯವಿರುವ ಔಷಧವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ವರ್ಷಗಟ್ಟಲೆ ಬಳಸಿದವರಲ್ಲಿ ಕೆಲವರಿಗೆ ಥೈರಾಯ್ಡ್ ಕುಂದುತ್ತದೆ, ಬಾಯಾರಿಕೆ ಮತ್ತು ಮೂತ್ರ ಹೆಚ್ಚುತ್ತವೆ, ಮೂತ್ರಪಿಂಡದ ಶಕ್ತಿ ತಗ್ಗುತ್ತದೆ. ಆದರೆ ಬದಲಿ ಔಷಧಗಳೇನೂ ನಿರುಪದ್ರವಿಗಳಲ್ಲ: ವಾಲ್‌ಪ್ರೊಯೇಟ್ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು, ಓಲಾಂಜಪಿನ್ ತೂಕ ಮತ್ತು ಸಕ್ಕರೆ ಏರಿಸಬಲ್ಲದು. ಆತ್ಮಹತ್ಯೆಯ ಅಪಾಯ ತಗ್ಗಿಸುವುದಕ್ಕೆ ಲಿಥಿಯಂನಷ್ಟು ಪುರಾವೆ ಬೇರೆ ಮನಃಸ್ಥಿತಿ-ಸ್ಥಿರಕಗಳಿಗಿಲ್ಲ. ಭಯಪಟ್ಟು ಒಮ್ಮೆಲೇ ಬಿಟ್ಟರೆ ಉನ್ಮಾದ ಮರುಕಳಿಸಬಹುದು.

ಹಳ್ಳಿಯಲ್ಲಿ ಇಷ್ಟು ನಿಗಾ ಆಗದ ಮಾತು ಎನ್ನುವವರಿಗೆ ಬಳ್ಳಾರಿಯೇ ಉತ್ತರ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋಚಿಕಿತ್ಸೆ ನಡೆಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ರೋಗಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ವರೆಗೆ ಹೋಗಬೇಕಾದ ಪ್ರಸಂಗ ಬಂದರೂ ರಕ್ತದ ಮಾದರಿಯಷ್ಟೇ ಹೋದರೆ ಸಾಕಾಗುವ ದಿನಗಳು ಹೆಚ್ಚು. ರಾತ್ರಿಯ ಗುಳಿಗೆಯಾಗಿ 12 ಗಂಟೆಯ ಮೇಲೆ, ಬೆಳಗಿನ ಗುಳಿಗೆ ಇದ್ದರೆ ಅದನ್ನು ನುಂಗುವ ಮೊದಲು, ರಕ್ತ ತೆಗೆಯಬೇಕು; ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲಿಥಿಯಂ ಹೆಪಾರಿನ್ ಇರುವ ಕೊಳವೆಗೆ ಹಾಕಬಾರದು, ಹಾಕಿದರೆ ಕೊಳವೆಯ ಲಿಥಿಯಂ ಸೇರಿ ಸುಳ್ಳು ಲೆಕ್ಕ ಬರುತ್ತದೆ.